ತುಮಕೂರಿನ ಕಾಮಿಡಿ ಚಾನೆಲ್‌ಗಳಿಗೆ ದುಡ್ಡು ಕೊಡೋರು ಯಾರು?

ತುಮಕೂರಿನ ಯಾವ ಕಾಲೇಜಿನ ಗೇಟಿನ ಮುಂದೆ ನಿಂತು ಕೇಳಿದರೂ ಒಂದು ಉತ್ತರ ಗ್ಯಾರಂಟಿ: "ನಮ್ಮ ಕ್ಲಾಸಲ್ಲೂ ಒಬ್ಬ ಯೂಟ್ಯೂಬರ್ ಇದಾನೆ." ಅವನು ಮೈಕ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಮಾತಾಡಿಸುತ್ತಾನೆ. ಇಲ್ಲವೇ ನೈಟಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಗಂಡನಿಗೆ ಲಟ್ಟಣಿಗೆ ತೋರಿಸುವ ಹೆಂಡತಿಯಾಗುತ್ತಾನೆ. ವಿಡಿಯೊ ಲಕ್ಷ ವ್ಯೂಸ್ ದಾಟುತ್ತದೆ. ಊರಲ್ಲಿ ಇವನು ಕೂತಲ್ಲೇ ದುಡ್ಡು ಎಣಿಸುತ್ತಿದ್ದಾನೆ ಎಂದು ಸುದ್ದಿಯಾಗುತ್ತದೆ. ಮನೆಯಲ್ಲಿ ಮಗ ಹಾಳಾಗಿ ಹೋದ ಎಂದು ಬೇಜಾರು.

ಎರಡೂ ಪೂರ್ತಿ ನಿಜವಲ್ಲ. ಈ ಕೆಲಸದಲ್ಲಿ ದುಡ್ಡು ಇದೆ. ಆದರೆ ಊರವರು ಅಂದುಕೊಂಡ ಕಡೆಯಿಂದ ಅದು ಬರುವುದಿಲ್ಲ. ಯಾವ ಕಡೆಯಿಂದ ಬರುತ್ತದೆ ಎಂದು ನೋಡಿದರೆ, ನಮ್ಮ ಕಾಮಿಡಿ ವಿಡಿಯೊಗಳಲ್ಲಿ ಯಾಕೆ ಯಾವಾಗಲೂ ಹೆಂಡತಿ, ಕುಡುಕ, ಹಳ್ಳಿಯವನು ಇವರನ್ನೇ ನೋಡಿ ನಗುತ್ತೇವೆ ಎನ್ನುವುದೂ ಅರ್ಥವಾಗುತ್ತದೆ. ಇದು ಹುಡುಗರ ಬುದ್ಧಿಯ ಸಮಸ್ಯೆ ಎಂದು ನನಗೆ ಅನ್ನಿಸುವುದಿಲ್ಲ. ಲೆಕ್ಕದ ಸಮಸ್ಯೆ.

ಮೊದಲು ಯೂಟ್ಯೂಬ್ ಲೆಕ್ಕ ನೋಡೋಣ. ಜಾಹೀರಾತಿನಲ್ಲಿ ಪಾಲು ಬೇಕೆಂದರೆ 1,000 ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಇದನ್ನು ನಮ್ಮ ಹುಡುಗರು "ಮಾನಿಟೈಸ್ ಆಯ್ತು" ಅನ್ನುತ್ತಾರೆ. ಅವತ್ತು ಕೇಕ್ ಕಟ್ ಮಾಡುವವರೂ ಇದ್ದಾರೆ. ಆಮೇಲೆ ದೊಡ್ಡ ವಿಡಿಯೊದ ಮೇಲೆ ಬಂದ ಜಾಹೀರಾತು ಹಣದಲ್ಲಿ 55 ಪರ್ಸೆಂಟ್ ಚಾನೆಲ್‌ನವರಿಗೆ, ಉಳಿದದ್ದು ಯೂಟ್ಯೂಬ್‌ಗೆ. ಅದು ಕೈಗೆ ಬರಬೇಕಾದರೆ ಖಾತೆಯಲ್ಲಿ 100 ಡಾಲರ್ ಸೇರಬೇಕು. ಸೇರದಿದ್ದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಅದೂ ಸೇರದಿದ್ದರೆ ಅದರ ಮುಂದಿನ ತಿಂಗಳಿಗೆ.

ಸುಮ್ನೆ ಲೆಕ್ಕಕ್ಕೆ, ಸಾವಿರ ವ್ಯೂಗೆ ಕೈಗೆ 30 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಲಕ್ಷ ವ್ಯೂಸ್ ಬಂದರೆ 3,000 ರೂಪಾಯಿ. ಆ ಒಂಬತ್ತು ನಿಮಿಷದ ವಿಡಿಯೊಗೆ ಐದು ಜನ ಭಾನುವಾರ ಪೂರ್ತಿ ದೇವರಾಯನದುರ್ಗದ ರೋಡಿನಲ್ಲಿ ಬಿಸಿಲು ಕಾದಿರುತ್ತಾರೆ. ಎರಡು ಬೈಕಿನ ಪೆಟ್ರೋಲ್, ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಮಧ್ಯಾಹ್ನದ ಊಟ, ಬಾಡಿಗೆಗೆ ತಂದ ಲೆನ್ಸ್, ಎರಡು ರಾತ್ರಿ ಎಡಿಟಿಂಗ್. ಹಂಚಿಕೊಳ್ಳಲು ಏನು ಉಳಿಯುತ್ತದೆ ನೀವೇ ನೋಡಿ. ಕ್ಯಾಮೆರಾ ಹಿಡಿದವನಿಗೆ "ನೀನು ಫ್ರೆಂಡ್ ಅಲ್ವಾ ಮಗಾ" ಎಂಬ ಮಾತೇ ಸಂಬಳ.

ಒಂಬತ್ತು ನಿಮಿಷ ಎಂದೆನಲ್ಲ, ಅದಕ್ಕೂ ಕಾರಣ ಇದೆ. ವಿಡಿಯೊ 8 ನಿಮಿಷ ದಾಟಿದರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. ಐದು ನಿಮಿಷಕ್ಕೆ ಮುಗಿಯಬೇಕಾದ ಜೋಕನ್ನು ಎಳೆದೆಳೆದು ಒಂಬತ್ತು ಮಾಡುವುದು ಇದಕ್ಕೇ. ಹೆಂಡತಿ ಬಾಗಿಲು ತೆಗೆಯುವುದಕ್ಕೇ ಒಂದು ನಿಮಿಷ ಹಿಡಿಯುತ್ತದೆ.

ಇನ್ನು ಶಾರ್ಟ್ಸ್. 2023ರ ಫೆಬ್ರವರಿಯಿಂದ ಶಾರ್ಟ್ಸ್‌ಗೂ ಜಾಹೀರಾತಿನ ಪಾಲು ಸಿಗುತ್ತಿದೆ, ಆದರೆ ಲೆಕ್ಕ ಬೇರೆ. ಶಾರ್ಟ್ಸ್ ನಡುವೆ ಬರುವ ಜಾಹೀರಾತಿನ ಹಣವನ್ನೆಲ್ಲ ಒಂದು ಕಡೆ ಸೇರಿಸುತ್ತಾರೆ. ನಿಮ್ಮ ವಿಡಿಯೊದಲ್ಲಿ ಒಂದು ಸಿನಿಮಾ ಹಾಡು ಇದ್ದರೆ, ಆ ವ್ಯೂಸ್‌ಗೆ ಬರುವ ಹಣದಲ್ಲಿ ಅರ್ಧ ಮೊದಲೇ ಹಾಡಿನವರ ಕಡೆಗೆ ಹೋಗುತ್ತದೆ. ಉಳಿದದ್ದನ್ನು ವ್ಯೂಸ್ ನೋಡಿಕೊಂಡು ಹಂಚಿ, ನಿಮ್ಮ ಪಾಲಿಗೆ ಬಂದದ್ದರಲ್ಲಿ 45 ಪರ್ಸೆಂಟ್ ಕೊಡುತ್ತಾರೆ. ಹತ್ತು ಲಕ್ಷ ವ್ಯೂಸ್ ಬಂದ ಶಾರ್ಟ್ಸ್ ತೋರಿಸಿ ಮದುವೆ ಮನೆಯಲ್ಲಿ ಹೆಸರು ಮಾಡಬಹುದು. ಇಎಂಐ ಕಟ್ಟುವುದು ಕಷ್ಟ. ಇನ್‌ಸ್ಟಾಗ್ರಾಂನಲ್ಲಂತೂ ಯೂಟ್ಯೂಬಿನ ಹಾಗೆ ಜಾಹೀರಾತಿನ ಪಾಲು ಕೊಡುವ ಪದ್ಧತಿಯೇ ಇಲ್ಲ. ಅಲ್ಲಿ ಹೆಸರು ಮಾಡಬೇಕು, ದುಡ್ಡು ಬೇರೆ ಕಡೆ ಹುಡುಕಬೇಕು.

ಕನ್ನಡದ ಕಾಮಿಡಿಗೆ ಈ ರೇಟು ಯಾಕೆ ಮೇಲೇರುವುದಿಲ್ಲ? ಆನ್‌ಲೈನ್ ಜಾಹೀರಾತು ಹರಾಜಿನಲ್ಲಿ ಮಾರಾಟವಾಗುತ್ತದೆ. ನೋಡುವವನು ಏನು ಕೊಳ್ಳಬಹುದು ಎಂಬ ಅಂದಾಜಿನ ಮೇಲೆ ಕಂಪನಿಗಳು ಬೆಲೆ ಕೂಗುತ್ತವೆ. ಮೊಬೈಲ್ ರಿವ್ಯೂ ನೋಡುವವನು ಮೊಬೈಲ್ ಕೊಳ್ಳಬಹುದು. ಷೇರು ಮಾರುಕಟ್ಟೆ ವಿಡಿಯೊ ನೋಡುವವನು ಡಿಮ್ಯಾಟ್ ಖಾತೆ ತೆರೆಯಬಹುದು. ಗಂಡ ಹೆಂಡಿರ ಜಗಳ ನೋಡಿ ನಗುವವನು ಏನು ಕೊಳ್ಳುತ್ತಾನೆ? ಅದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಜೋರಾಗಿ ಕೂಗುವವರೂ ಇಲ್ಲ. ದಸರಾ, ದೀಪಾವಳಿ ಹೊತ್ತಿಗೆ ಸ್ವಲ್ಪ ಏರುತ್ತದೆ, ಜನವರಿಗೆ ಮತ್ತೆ ಇಳಿಯುತ್ತದೆ.

ಆದರೆ ಯೂಟ್ಯೂಬಿನ ಹರಾಜಿಗೆ ಬೇಡವಾದ ಒಂದು ವಿಷಯ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯವರಿಗೆ ಚಿನ್ನ. ಅದೇ ಊರು. ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕು, 2011ರ ಜನಗಣತಿ ಪ್ರಕಾರ ಸುಮಾರು 26.8 ಲಕ್ಷ ಜನ. ಒಬ್ಬ ಹುಡುಗನ ಪೇಜಿಗೆ 80 ಸಾವಿರ ಫಾಲೋವರ್ಸ್ ಇದ್ದು, ಅವರಲ್ಲಿ ಮುಕ್ಕಾಲು ಪಾಲು ಗುಬ್ಬಿ, ಕುಣಿಗಲ್, ಶಿರಾ, ಕೊರಟಗೆರೆ ಕಡೆಯವರೇ ಎಂದುಕೊಳ್ಳಿ. ಸೀರೆ ಅಂಗಡಿಗೆ ಹತ್ತು ಲಕ್ಷ ಫಾಲೋವರ್ಸ್ ಇರುವ ಬೆಂಗಳೂರಿನ ಸ್ಟಾರ್‌ಗಿಂತ ಇವನೇ ಬೇಕು. ಬೆಳಗಾವಿಯಲ್ಲಿ ಕೂತು ರೀಲ್ಸ್ ನೋಡಿ ಲೈಕ್ ಒತ್ತಿದವರು ಸೀರೆಗೆ ತುಮಕೂರಿಗೆ ಬರುವುದಿಲ್ಲ ಅಲ್ವಾ?

ಹೀಗೆ ನಿಜವಾದ ಆದಾಯ ಲೋಕಲ್ ಪ್ರೊಮೋಷನ್‌ನಿಂದ ಬರುತ್ತದೆ. ಹೊಸ ಹೋಟೆಲ್, ಬಟ್ಟೆ ಅಂಗಡಿ, ಮೊಬೈಲ್ ಶೋರೂಂ, ಸೈಟ್ ಮಾರುವವರ ಲೇಔಟ್, ಪಿಯು ಕಾಲೇಜಿನ ಅಡ್ಮಿಷನ್, ಜಿಮ್. ಅದರ ಮೇಲೆ ಸ್ಟೇಜ್ ಆಂಕರಿಂಗ್: ಗಣೇಶನ ಆರ್ಕೆಸ್ಟ್ರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಮದುವೆಯ ಹಿಂದಿನ ದಿನದ ಸಂಗೀತ್, ಊರಿನ ರಾಜಕಾರಣಿ ಸಾಹೇಬ್ರ ಹುಟ್ಟುಹಬ್ಬ. ಈ ಕಸುಬಿನವರನ್ನು ಆಳುವುದು ಅಲ್ಗಾರಿದಮ್ ಎಂದು ಪೇಪರುಗಳು ಬರೆಯುತ್ತವೆ. ತುಮಕೂರಿನಲ್ಲಿ ಅದಕ್ಕಿಂತ ಜಾಸ್ತಿ ಆಳುವುದು ಪಂಚಾಂಗ. ಆಷಾಢದಲ್ಲಿ ಅಂಗಡಿ ಓಪನಿಂಗ್ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಆಷಾಢ ಬಂದರೆ ಮೈಕ್ ಹಿಡಿಯುವ ಹುಡುಗರೂ ಪೆಂಡಾಲ್‌ನವರ ಹಾಗೆ ಕೈಕಟ್ಟಿ ಕೂರುತ್ತಾರೆ. ಶ್ರಾವಣ ಹುಟ್ಟಿದ ಕೂಡಲೇ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಇಂಥದೊಂದು ಶೂಟಿಂಗ್ ನೋಡುತ್ತಾ ನಿಂತಿದ್ದೆ. ಸೀರೆ ಅಂಗಡಿ. ಆಂಕರ್ ಒಬ್ಬ, ಹೆಂಡತಿ ವೇಷದ ಹುಡುಗ ಒಬ್ಬ, ಮೊಬೈಲನ್ನು ಅಲುಗಾಡದಂತೆ ಹಿಡಿಯುವ ಗಿಂಬಲ್‌ಗೆ ಸಿಕ್ಕಿಸಿಕೊಂಡವನು ಒಬ್ಬ. ಹುಡುಗರು ಬರೆದು ತಂದ ಜೋಕು ಚೆನ್ನಾಗಿತ್ತು. ಗಂಡ ಎಲ್ಲೋ ಅಗ್ಗದ ಸೀರೆ ತಂದಿರುತ್ತಾನೆ. ಒಗೆದ ಮೇಲೆ ಬಣ್ಣ ಪೂರ್ತಿ ಹೋಗಿ, ಬಕೆಟ್ ನೀರೇ ಸೀರೆಗಿಂತ ಚೆನ್ನಾಗಿ ಕಾಣುತ್ತಿರುತ್ತದೆ. ಹೆಂಡತಿ ಆ ನೀರನ್ನು ತೋರಿಸಿ "ಇದನ್ನೇ ಉಡ್ಸಿ" ಅನ್ನುತ್ತಾಳೆ. ಅಲ್ಲಿಂದ ಈ ಅಂಗಡಿಗೆ ಬರುತ್ತಾರೆ.

ಓನರ್ ಗಲ್ಲಾ ಬಿಟ್ಟು ಎದ್ದು ಬಂದರು. "ಬಣ್ಣ ಹೋಗೋದು ಗಿಣ್ಣ ಹೋಗೋದು ಬೇಡಪ್ಪ. ಹಬ್ಬದ ಟೈಮು."

"ಅದು ಬೇರೆ ಅಂಗಡೀದು ಅಣ್ಣ. ಕೊನೇಲಿ ನಿಮ್ಮ ಸೀರೆ ಬಣ್ಣ ಹೋಗಲ್ಲ ಅಂತಾನೇ ಬರುತ್ತೆ."

"ಜನ ಕೊನೇ ತನಕ ನೋಡ್ತಾರಾ? ನೀನೇ ಹೇಳ್ದೆ, ಮೊದಲ ಮೂರು ಸೆಕೆಂಡೇ ಮುಖ್ಯ ಅಂತ. ಮೊದಲ ಮೂರು ಸೆಕೆಂಡಲ್ಲಿ ನಮ್ಮ ಬೋರ್ಡು, ಆಮೇಲೆ ಬಣ್ಣ ಹೋದ ಸೀರೆ. ಏನಂದ್ಕೋತಾರೆ?"

ಅವರ ವಾದದಲ್ಲಿ ತಪ್ಪೇ ಇರಲಿಲ್ಲ. ದುಡ್ಡು ಅವರದು, ಅಂಗಡಿ ಅವರದು. ಹುಡುಗರು ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷದಲ್ಲಿ ಸ್ಕ್ರಿಪ್ಟ್ ಬದಲಾಯಿಸಿದರು. ಹೆಂಡತಿ ಹತ್ತು ಸೀರೆ ಆರಿಸುತ್ತಾಳೆ, ಗಂಡ ಬಿಲ್ ನೋಡಿ ಮೂರ್ಛೆ ಹೋಗುತ್ತಾನೆ, ಆಂಕರ್ ನೀರು ಚಿಮುಕಿಸಿ ಡಿಸ್ಕೌಂಟ್ ಹೇಳುತ್ತಾನೆ. ಓನರ್ ನಕ್ಕರು. ವಿಡಿಯೊ ಓಡಿತು ಕೂಡ. ಬಕೆಟ್ ನೀರಿನ ಜೋಕು ಅಲ್ಲೇ ಸತ್ತಿತು, ಹೆಂಡತಿಗೆ ಸೀರೆ ಹುಚ್ಚು ಎಂಬ ನಮ್ಮಜ್ಜನ ಕಾಲದ ಜೋಕು ಇನ್ನೊಂದು ಸಲ ಬದುಕಿತು.

ಇದೇ ನಾನು ಹೇಳಬೇಕೆಂದಿರುವ ವಿಷಯ. ಅಂಗಡಿ ನೋಡಿ ನಗುವಂತಿಲ್ಲ, ಅವರು ದುಡ್ಡು ಕೊಡುತ್ತಾರೆ. ಲೇಔಟಿನವರನ್ನು ನೋಡಿ ನಗುವಂತಿಲ್ಲ, ಅವರು ಜಾಸ್ತಿ ಕೊಡುತ್ತಾರೆ. ಸಾಹೇಬರನ್ನು ನೋಡಿ ನಗುವಂತಿಲ್ಲ, ಅವರ ಸ್ಟೇಜ್ ಮೇಲೆ ಮುಂದಿನ ತಿಂಗಳು ಮೈಕ್ ಹಿಡಿಯಬೇಕು. ಕಾಲೇಜು, ಆಸ್ಪತ್ರೆ, ಕಲ್ಯಾಣ ಮಂಟಪ, ಎಲ್ಲ ಇವತ್ತಲ್ಲ ನಾಳೆ ದುಡ್ಡು ಕೊಡುವ ಪಾರ್ಟಿಗಳೇ. ಉಳಿದವರು ಯಾರು? ಹೆಂಡತಿ, ಅತ್ತೆ, ಕುಡುಕ, ದಪ್ಪ ಇರುವವನು, ಇಂಗ್ಲಿಷ್ ಬಾರದವನು. ಇವರು ಯಾರೂ ಪ್ರೊಮೋಷನ್ ಕೊಡುವುದಿಲ್ಲ, ಕೇಸೂ ಹಾಕುವುದಿಲ್ಲ. 2025ರಲ್ಲಿ ಹೇಮಾವತಿ ನದಿ ನೀರಿನ ಲಿಂಕ್ ಕೆನಾಲ್ ಗಲಾಟೆ ಇಡೀ ಜಿಲ್ಲೆಯನ್ನು ರೋಡಿಗೆ ತಂದಿತ್ತು. ನಾನು ನೋಡುವ ಕಾಮಿಡಿ ಪೇಜ್‌ಗಳಲ್ಲಿ ಆ ವಾರವೂ ಅತ್ತೆ ಸೊಸೆ ಸಾಂಬಾರಿನ ಉಪ್ಪಿಗೆ ಕಿತ್ತಾಡುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಮಾತಾಡಿಸುವ ಬೈಟ್ ವಿಡಿಯೊಗಳು ಇದೇ ಲೆಕ್ಕದ ಇನ್ನೊಂದು ಮುಖ. ಸ್ಕ್ರಿಪ್ಟ್ ಬೇಡ, ನಟರು ಬೇಡ, ಬಾಡಿಗೆ ಬೇಡ. ಒಂದು ಮೈಕ್, ಒಂದು ಮೊಬೈಲ್. ಒಂದು ಮಧ್ಯಾಹ್ನ ನಿಂತರೆ ವಾರಕ್ಕಾಗುವಷ್ಟು ಶಾರ್ಟ್ಸ್. "ಅಜ್ಜಿ, ರಾಷ್ಟ್ರಪತಿ ಯಾರು?" "ನಮ್ಮ ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕು?" ಸರಿಯಾಗಿ ಹೇಳಿದವರು ಎಡಿಟಿಂಗ್‌ನಲ್ಲಿ ಹೋಗುತ್ತಾರೆ. ತಪ್ಪು ಹೇಳಿದವರು ಉಳಿಯುತ್ತಾರೆ, ಮೇಲೆ ಕಾಗೆ ಕೂಗುವ ಸೌಂಡ್ ಬೇರೆ. ಮಧುಗಿರಿ ಬಸ್ಸಿಗೆ ಕಾಯುತ್ತಿದ್ದ ಆ ಅಜ್ಜಿಗೆ ತಾನು ಸಾವಿರಾರು ಮೊಬೈಲ್‌ಗಳಲ್ಲಿ ದಡ್ಡಿಯಾಗಿರುವ ಸಂಗತಿ ಮೊಮ್ಮಗ ತೋರಿಸಿದಾಗಲೇ ಗೊತ್ತಾಗುವುದು. ಹಾಕಬಹುದಾ ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ. ಅದೇ ಅಜ್ಜಿಗೆ ರಾಗಿ ಹೊಲದ ಬಗ್ಗೆ ಒಂದು ಪ್ರಶ್ನೆ ಹಾಕಿದ್ದರೆ ಬೆವರುವ ಸರದಿ ಆಂಕರ್‌ನದಾಗುತ್ತಿತ್ತು. ಅದು ನಿಜವಾಗಿಯೂ ಒಳ್ಳೆ ಕಾಮಿಡಿ. ಯಾಕೋ ಯಾರೂ ಮಾಡುವುದಿಲ್ಲ.

ತುಮಕೂರಿನವರು ಇದನ್ನು ಹೊಸ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಗಿಸಿ ಬದುಕುವುದು ಈ ಜಿಲ್ಲೆಯ ಹಳೆಯ ಕಸುಬು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಪರಿಚಯಿಸಿದ ಗುಬ್ಬಿ ವೀರಣ್ಣ ಹಾಸ್ಯ ಪಾತ್ರಗಳಿಂದಲೇ ಹೆಸರಾದವರು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದರು, 1954ರಲ್ಲಿ ಸಿನಿಮಾಕ್ಕೆ ಬಂದರು, ಆಮೇಲೆ ಕನ್ನಡ ಸಿನಿಮಾದ ಹಾಸ್ಯ ಎಂದರೆ ಅವರೇ ಎಂಬಂತಾಯಿತು. ಇವರಿಗೆಲ್ಲ ಅನ್ನ ಹಾಕಿದ್ದು ಟಿಕೆಟ್. ನೆಲದ ಮೇಲೆ ಕೂತವನೂ ಕಾಸು ಕೊಟ್ಟೇ ಕೂತಿದ್ದ. ನಗು ಬರದಿದ್ದರೆ ನಾಳೆ ಬರುತ್ತಿರಲಿಲ್ಲ, ಅಷ್ಟೇ. ಸ್ಕ್ರಿಪ್ಟ್ ಬದಲಾಯಿಸು ಎಂದು ಗಲ್ಲಾದಿಂದ ಎದ್ದು ಬರುವ ಓನರ್ ಇರಲಿಲ್ಲ. ಮಾಸ್ಟರ್ ಹಿರಣ್ಣಯ್ಯ ಸ್ಟೇಜ್ ಮೇಲೆ ನಿಂತು ಮಂತ್ರಿಗಳನ್ನೇ ಝಾಡಿಸುತ್ತಿದ್ದರು. ಆ ಧೈರ್ಯ ಅವರದ್ದೇ, ಸಂದೇಹವಿಲ್ಲ. ಆದರೆ ಬೈಗುಳ ಕೇಳಲೆಂದೇ ಟಿಕೆಟ್ ತಗೊಂಡು ಬಂದ ಜನ ಆ ಧೈರ್ಯಕ್ಕೆ ಪ್ರತಿ ರಾತ್ರಿ ಕಲೆಕ್ಷನ್ ಕೊಡುತ್ತಿದ್ದರು.

ನಮ್ಮ ಹಳ್ಳಿಗಳಲ್ಲಿ ಮೂರನೆಯ ಪದ್ಧತಿಯೂ ಇದೆ. ಪೌರಾಣಿಕ ನಾಟಕದಲ್ಲಿ ನಟನೇ ದುಡ್ಡು ಕೊಡುತ್ತಾನೆ. ದುರ್ಯೋಧನನ ಪಾತ್ರಕ್ಕೆ ಒಂದು ರೇಟು, ಕೃಷ್ಣನಿಗೆ ಒಂದು, ದೂತನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ದ್ರೌಪದಿ ಪಾತ್ರಕ್ಕೆ ಹೊರಗಿಂದ ಬರುವ ಕಲಾವಿದೆ, ಎಲ್ಲ ಖರ್ಚೂ ಪಾತ್ರಧಾರಿಗಳದ್ದೇ. ಬೆಳಗಿನ ಜಾವದ ತನಕ ಹಾಡಿ ಮನೆಗೆ ಹೋದ ದುರ್ಯೋಧನ ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕುತ್ತಾನೆ. ಮಾನಿಟೈಸ್ ಆಗದ ಸಾವಿರಾರು ಚಾನೆಲ್‌ಗಳು ಈ ಗುಂಪಿಗೆ ಸೇರಿದವು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಸಂಬಳದಿಂದಲೇ ರಿಂಗ್ ಲೈಟ್ ಕೊಂಡವರು. ಇವರನ್ನು ಹುಚ್ಚರು ಅನ್ನುವವರು ದುರ್ಯೋಧನನನ್ನು ಹಾಗನ್ನುವುದಿಲ್ಲ. ಯಾಕೆಂದರೆ ದುರ್ಯೋಧನ ಮುಂದೆ ಲಕ್ಷಾಧಿಪತಿ ಆಗುತ್ತೇನೆ ಎಂದುಕೊಂಡು ಬಣ್ಣ ಹಚ್ಚಿರುವುದಿಲ್ಲ.

ಈ ಆಸೆ ಬಂದದ್ದು ಯಾವಾಗ ಎಂದು ಹೇಳುವುದು ಸುಲಭ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. ಟಿಕ್‌ಟಾಕ್ ಹಳ್ಳಿಯ ಹುಡುಗರನ್ನು, ಹೆಂಗಸರನ್ನು ಕ್ಯಾಮೆರಾ ಮುಂದೆ ತಂದಿತು. 2020ರ ಜೂನ್ 29ಕ್ಕೆ ಅದು ಬ್ಯಾನ್ ಆಯಿತು. ಜುಲೈನಲ್ಲಿ ರೀಲ್ಸ್, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಇಲ್ಲಿಗೆ ಬಂದವು. ಟಿಕ್‌ಟಾಕ್‌ನಲ್ಲಿ ಗದ್ದೆ ಬದುವಿನ ಮೇಲೆ ಕುಣಿದಿದ್ದ ಎಷ್ಟೋ ಹೆಂಗಸರು ಮಾತ್ರ ಆ ಕಡೆಗೆ ದಾಟಲೇ ಇಲ್ಲ.

ಹೆಂಗಸರ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಕಾಮಿಡಿ ವಿಡಿಯೊದಲ್ಲಿ ಹೆಂಡತಿಯ ಪಾತ್ರವನ್ನು ಗಂಡಸೇ ಮಾಡುವುದು ತಮಾಷೆಗೆ ಎಂದುಕೊಳ್ಳುತ್ತೇವೆ. ಅರ್ಧ ನಿಜ. ಇನ್ನರ್ಧ ಏನೆಂದರೆ ಹುಡುಗಿ ಸಿಗುವುದಿಲ್ಲ. ಮನೆಯಲ್ಲಿ ಬಿಡುವುದಿಲ್ಲ, ಬಿಟ್ಟರೂ ಕಾಮೆಂಟ್ ಓದಿ ಅವಳೇ ನಿಲ್ಲಿಸುತ್ತಾಳೆ. ಹುಡುಗ ಕೆಟ್ಟದಾಗಿ ನಟಿಸಿದರೆ ಅವನ ನಟನೆಗೆ ಬೈಯುತ್ತಾರೆ, ಹುಡುಗಿ ಚೆನ್ನಾಗಿ ನಟಿಸಿದರೂ ಅವಳ ಮನೆತನಕ್ಕೆ ಬೈಯುತ್ತಾರೆ. ಹಳೇ ನಾಟಕ ಕಂಪನಿಗಳಲ್ಲೂ ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನಂಥ ನಟಿಯರು ಸ್ಟೇಜಿಗೆ ಬಂದು ಎಷ್ಟು ಕಾಲವಾಯಿತು! ರೀಲ್ಸ್‌ನಲ್ಲಿ ನಾವು ಅದಕ್ಕೂ ಹಿಂದಕ್ಕೆ ಹೋಗಿದ್ದೇವೆ. ಬರೆಯುವವನೂ ಗಂಡಸು, ಆಡುವವನೂ ಗಂಡಸು. ಹಾಗಾಗಿ ಆ ಹೆಂಡತಿ ಹತ್ತು ವರ್ಷದಿಂದ ಒಂದೇ ಲಟ್ಟಣಿಗೆ ಹಿಡಿದು ನಿಂತಿದ್ದಾಳೆ.

ಈಗ ಕಾನೂನು. ಇದನ್ನು ಯಾರೂ ಇಷ್ಟಪಟ್ಟು ಓದುವುದಿಲ್ಲ, ಆದರೂ ಮೈಕ್ ಹಿಡಿಯುವವರು ಮೂರು ವಿಷಯ ತಿಳಿದಿರಲೇಬೇಕು.

ದುಡ್ಡು ತಗೊಂಡು ಹೊಗಳಿದರೆ ಅದನ್ನು ಹೇಳಬೇಕು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ದುಡ್ಡೇ ಆಗಬೇಕಿಲ್ಲ, ಪುಕ್ಕಟೆ ಮೊಬೈಲ್, ಊಟ, ಟ್ರಿಪ್ ಪಡೆದಿದ್ದರೂ ಲೆಕ್ಕವೇ. ವಿಡಿಯೊ ಆದರೆ ಮಾತಿನಲ್ಲೂ ಹೇಳಬೇಕು, ಸ್ಕ್ರೀನ್ ಮೇಲೂ ಕಾಣಬೇಕು. ಕೆಳಗೆ ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಬಚ್ಚಿಟ್ಟರೆ ಆಗುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದ ತನಕ. ನಮ್ಮ ಕಡೆಯ ವಿಡಿಯೊಗಳಲ್ಲಿ "ಸುಮ್ನೆ ಹೋಗ್ತಾ ಇದ್ದೆ, ಈ ಹೋಟೆಲ್ ಕಣ್ಣಿಗೆ ಬಿತ್ತು ಗುರು" ಎಂದು ಶುರುವಾಗುವುದೇ ಹೆಚ್ಚು. ನೋಡುವವರಿಗೂ ಇದು ಪೇಯ್ಡ್ ಎಂದು ಗೊತ್ತು, ಆದರೂ ನಂಬುತ್ತಾರೆ. ಹೇಳಿದರೆ ರೀಚ್ ಬೀಳುತ್ತದೆ ಎಂಬ ಭಯ ಹುಡುಗರಿಗೆ.

ಎರಡನೆಯದು ಬೆಟ್ಟಿಂಗ್ ಆ್ಯಪ್. ಕೆಲವು ವರ್ಷ ಇದೇ ದೊಡ್ಡ ಗಂಟು. ಸ್ಟೋರಿಯಲ್ಲಿ ಒಂದು ಲಿಂಕ್ ಹಾಕಿದರೆ ನಾಲ್ಕು ಅಂಗಡಿ ಓಪನಿಂಗ್‌ನಷ್ಟು ದುಡ್ಡು ಎಂಬ ಮಾತಿತ್ತು. 2025ರ ಮಾರ್ಚ್‌ನಲ್ಲಿ ಹೈದರಾಬಾದ್ ಕಡೆಯ ಪೊಲೀಸರು ಇಂಥ ಪ್ರಚಾರ ಮಾಡಿದ ನಟರು, ಯೂಟ್ಯೂಬರ್‌ಗಳ ಮೇಲೆ ಕೇಸ್ ಹಾಕಿದರು. ತೆಲುಗು ಚಾನೆಲ್‌ಗಳನ್ನೂ ನೋಡಿಕೊಂಡು ಬೆಳೆದ, ಆಂಧ್ರ ಗಡಿಯ ಪಾವಗಡದ ಹುಡುಗರಿಗೆ ಆ ಹೆಸರುಗಳೆಲ್ಲ ಪರಿಚಯ, ಬಿಸಿ ಬೇಗ ತಟ್ಟಿತು. ಅದೇ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ ಆಡುವ ಆಟಗಳ ಜಾಹೀರಾತು ಮಾಡಿದರೆ 2 ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಈ ಗಂಟು ಹೋದ ಮೇಲೆ ಲೋಕಲ್ ಅಂಗಡಿ, ಲೇಔಟಿನವರ ಮೇಲೆ ಇನ್ನೂ ಜಾಸ್ತಿ ಆತುಕೊಳ್ಳಬೇಕಾಯಿತು. ಕಾನೂನು ಸರಿಯಾಗಿಯೇ ಇದೆ. ಅದರ ಬಿಸಿ ಸ್ಕ್ರಿಪ್ಟಿಗೆ ಹೀಗೆ ತಟ್ಟುತ್ತದೆ, ಅಷ್ಟೇ.

ಮೂರನೆಯದು ಬಾಯಿ. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಲೈವ್ ವಿಡಿಯೊದಲ್ಲಿ ಒಂದು ಗಾದೆ ಬಳಸಿದರು. ಅದರಲ್ಲಿ ಜಾತಿ ನಿಂದನೆ ಇದೆ ಎಂದು ಎಫ್‌ಐಆರ್ ಆಯಿತು. ಅವರು ಕ್ಷಮೆ ಕೇಳಿದರು, ಹೈಕೋರ್ಟಿಗೆ ಹೋದರು, ತಡೆಯಾಜ್ಞೆ ಸಿಕ್ಕಿತು. ಹಳ್ಳಿಯ ಮಾತಿನಲ್ಲಿ, ಬೈಗುಳದಲ್ಲಿ, ಗಾದೆಯಲ್ಲಿ ಜಾತಿ ಎಷ್ಟು ಸೇರಿಕೊಂಡಿದೆ ಎಂದರೆ, ನಾಲಿಗೆಗೆ ಬಂದದ್ದನ್ನೆಲ್ಲ ಲೋಕಲ್ ಫ್ಲೇವರ್ ಎಂದು ಬಿಟ್ಟರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸ್ ಬೀಳಬಹುದು. ಬೀಳಬೇಕಾದದ್ದೂ ಹೌದು, ಕೆಲವು ಸಲ. ಇನ್ನು ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಆದರೆ ಜಿಲ್ಲಾ ಮಟ್ಟದಲ್ಲಿ ಕೋರ್ಟಿನ ತನಕ ಹೋಗುವುದೇ ಕಮ್ಮಿ. ಮೊದಲು ಫೋನ್ ಬರುತ್ತದೆ. "ಏನಪ್ಪ, ನಮ್ಮ ಹುಡುಗ ಅಂತ ಸುಮ್ನಿದೀವಿ." ಮಾತು ಮುಗಿಯುವ ಮೊದಲೇ ವಿಡಿಯೊ ಡಿಲೀಟ್ ಆಗಿರುತ್ತದೆ. ಬೆಂಗಳೂರು 70 ಕಿಲೋಮೀಟರ್ ದೂರ. ಅಲ್ಲಿ ಇದ್ದುಕೊಂಡು ತುಮಕೂರಿನ ದೊಡ್ಡವರನ್ನು ತಮಾಷೆ ಮಾಡುವುದು ಬೇರೆ, ಇಲ್ಲೇ ಇದ್ದು ಸಂಜೆ ಅದೇ ಟೀ ಅಂಗಡಿಗೆ ಹೋಗುವುದು ಬೇರೆ.

ಸರ್ಕಾರವೂ ಈಗ ದುಡ್ಡು ಕೊಡುವವರ ಸಾಲಿನಲ್ಲಿದೆ. 2024ರಲ್ಲಿ ರಾಜ್ಯ ಸರ್ಕಾರ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದು, ಸೋಷಿಯಲ್ ಮೀಡಿಯಾಕ್ಕೂ ಜಾಹೀರಾತು ಕೊಡುವ ದಾರಿ ಮಾಡಿತು. ಯೋಜನೆಯ ಮಾಹಿತಿ ಜನರಿಗೆ ತಲುಪಲಿ, ತಪ್ಪೇನಿಲ್ಲ. ಆದರೆ ಅದರ ಆಸೆ ಇಟ್ಟುಕೊಂಡ ಪೇಜಿನವನು ರೋಡಿನ ಗುಂಡಿಯ ಮೇಲೆ ಜೋಕು ಮಾಡುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಹಾಗಾದರೆ ನೋಡುವವರೇ ನೇರವಾಗಿ ದುಡ್ಡು ಕೊಡುವ ದಾರಿ ಇಲ್ಲವಾ? ಇದೆ. ಯೂಟ್ಯೂಬಿನಲ್ಲಿ ತಿಂಗಳಿಗೆ ಇಷ್ಟು ಎಂದು ಕಟ್ಟುವ ಮೆಂಬರ್‌ಶಿಪ್, ವಿಡಿಯೊ ಮೆಚ್ಚಿ ಒಂದು ಸಲ ಕೊಡುವ ಸೂಪರ್ ಥ್ಯಾಂಕ್ಸ್ ಇವೆ, ಇವಕ್ಕೆ 500 ಸಬ್‌ಸ್ಕ್ರೈಬರ್ ಮತ್ತು 3,000 ಗಂಟೆ ನೋಡಿಸಿದ ಚಾನೆಲ್‌ಗಳೂ ಅರ್ಜಿ ಹಾಕಬಹುದು. ಮೂರು ತಿಂಗಳಲ್ಲಿ ಮೂರು ವಿಡಿಯೊವಾದರೂ ಹಾಕಿರಬೇಕು. ಆದರೆ ಫಾರ್ವರ್ಡ್ ಆಗಿ ಬಂದ ವಿಡಿಯೊಗೆ ತಿಂಗಳಿಗೆ ಇಷ್ಟು ಎಂದು ಕಟ್ಟುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ.

ನನಗೆ ಇದಕ್ಕಿಂತ ಭರವಸೆ ಇರುವುದು ಟಿಕೆಟ್ ಮೇಲೆಯೇ. ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. 300 ಜನ, ತಲೆಗೆ 100 ರೂಪಾಯಿ, ಒಟ್ಟು 30 ಸಾವಿರ. ಮೇಲೆ ಹಾಕಿದ ಲೆಕ್ಕದ ಪ್ರಕಾರ ಇದು 10 ಲಕ್ಷ ವ್ಯೂಸ್‌ಗೆ ಸಮ. ಲಕ್ಷ ಫಾಲೋವರ್ಸ್ ಇರುವವನಿಗೆ ಸಾವಿರಕ್ಕೆ ಮೂವರು ಬಂದರೆ ಸಾಕು. ತಿಪಟೂರು, ಶಿರಾ, ಮಧುಗಿರಿಯಲ್ಲಿ ಒಂದೊಂದು ಶೋ ಮಾಡಿದರೆ ಆಷಾಢವೂ ಖಾಲಿ ಹೋಗುವುದಿಲ್ಲ, ಟಿಕೆಟ್ ಕೊಳ್ಳಲು ಮುಹೂರ್ತ ಬೇಡವಲ್ಲ.

ತೊಂದರೆ ಎರಡು. ಒಂದು, ಜನ ಮೊದಲು ಕೇಳುವುದು "ಪಾಸ್ ಇದೆಯಾ ಗುರು?" ಎಂದು. ಇನ್ನೊಂದು, 30 ಸೆಕೆಂಡಿಗೆ ಬರೆದು ಅಭ್ಯಾಸವಾದ ಕೈಗೆ ಒಂದೂವರೆ ಗಂಟೆ ತುಂಬಿಸುವುದು ಬಹಳ ಕಷ್ಟ. ಎಡಿಟಿಂಗ್‌ನಲ್ಲಿ ಕಟ್ ಮಾಡಲು ಬರುವುದಿಲ್ಲ, ಕಾಗೆ ಸೌಂಡ್ ಹಾಕಲೂ ಬರುವುದಿಲ್ಲ. ಇದರಲ್ಲಿ ಪೌರಾಣಿಕ ನಾಟಕದಿಂದ ಬಂದ ಹುಡುಗರಿಗೆ ಒಂದು ಹೆಜ್ಜೆ ಮುಂದೆ ಇರುವ ಅನುಕೂಲ ಇದೆ. ರಾತ್ರಿ ಎರಡು ಗಂಟೆಗೆ ತೂಕಡಿಸುವ ಜನರನ್ನು ಎಬ್ಬಿಸಿ ಗೊತ್ತಿರುವವರು ಅವರು. ಮೊದಲ ಶೋಗೆ ಹಾಲ್ ಬಾಡಿಗೆ, ಸೌಂಡ್, ಲೈಟ್ ಎಂದು ಕೈಯಿಂದ ಹಾಕಬೇಕಾಗುತ್ತದೆ. ಅದಕ್ಕೆ ಮತ್ತೆ ಅಂಗಡಿಯವರ ಹತ್ತಿರವೇ ಹೋಗಬೇಕಾದೀತು. ಹೋಗಲಿ. ಬಾಗಿಲಲ್ಲಿ ಬ್ಯಾನರ್ ಕಟ್ಟಲಿ, ಶುರುವಿನಲ್ಲಿ ಒಂದು ಸಲ ಹೆಸರು ಹೇಳಲಿ. ಸ್ಕ್ರಿಪ್ಟ್ ಮಾತ್ರ ಮೊದಲೇ ತೋರಿಸುವುದಿಲ್ಲ ಎಂದು ಅಡ್ವಾನ್ಸ್ ತಗೊಳ್ಳುವಾಗಲೇ ಹೇಳಿಬಿಡಬೇಕು.